ಯವನರಿಂದ ನಮ್ಮ ಹೆಣ್ಣುಮಕ್ಕಳು ಕಲಿಯತಕ್ಕದ್ದೇನು?

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಹೆಣ್ಣುಮಕ್ಕಳಿಗೂ ಎರಡು ಸಾವಿರ ವರ್ಷಗಳಿಗಿಂತ ಹಿಂದಿನ ಗ್ರೀಕರಿಗೂ ಏನು ಸಂಬಂಧವೆಂದು ತಾಯಿತಂದೆಗಳು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಪರೀಕ್ಷೆಗಾಗಿ ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಿ ಮರೆಯುವುದಾದರೆ ಸಂಬಂಧವೇನೂ ಇಲ್ಲವೆಂದು ನಾವೂ ಒಪ್ಪುವೆವು. ಆದರೆ ಗ್ರೀಕರು ಲೋಕಕ್ಕೆ ಬಿಟ್ಟುಹೋದ ಒಂದು ಆಸ್ತಿಯು ಹೆಸರುಗಳಿಗಿಂತ ದೊಡ್ಡದು. ಅದರಲ್ಲಿ ನಮ್ಮ ಹೆಣ್ಣುಮಕ್ಕಳಿಗೂ ಪಾಲುಂಟೆಂಬುದೇ ನಮ್ಮ ಅಭಿಪ್ರಾಯ.

ಅವರು ನಮಗೆ ತೀರ ಅಪರಿಚಿತರಲ್ಲ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂದ್ರಿಯದ ಟಾಲೆಮಿಯು ಬರೆದ ಭೂಗೋಳ ಗ್ರಂಥದಲ್ಲಿ ಮುಂಡಗೋಡಿಗೆ ನೆರೆಯದಾದ ಬನವಾಸಿಯ ಹೆಸರಿದೆ. ನಮ್ಮ ಪೂರ್ವಿಕರು ಅವರನ್ನು ಯವನರೆಂದು ಕರೆದರು. ಹೊರಗಿನವರಾದರೂ ಜ್ಯೋತಿಶ್ಶಾಸ್ತ್ರವನ್ನು ಬಲ್ಲವರಾದುದರಿಂದ ಅವರು ಋಷಿಗಳಂತೆ ಪೂಜ್ಯರೆಂದು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆ. ಜ್ಞಾನಕ್ಕೆ ಮರ್ಯಾದೆ ಕೊಡುವಾಗ ಆ ಹಿರಿಯನು ಕುಲವನ್ನು ಎಣಿಸಲಿಲ್ಲ.

ಹೋಮರನ ಕಾವ್ಯ, ಅಥೇನೆಯ ದೇವಾಲಯಗಳು, ಹಿಪೊಕ್ರೇಟನ ವೈದ್ಯ ಇವೆಲ್ಲ ಕೀರ್ತಿವಂತವಾದವುಗಳೇ. ಆದರೆ ಇವುಗಳಿಗಿಂತ ಮಿಗಿಲಾದುದು "ಇದು ನಿಜವೆಂದು ಹೇಗೆ ತಿಳಿಯಿತು?" ಎಂದು ಕೇಳುವ ಅವರ ಅಭ್ಯಾಸವು. ಹೊಲಗಳನ್ನು ಅಳೆಯುವ ವಿದ್ಯೆಯು ಈಜಿಪ್ಟಿನವರಿಗೂ ಬಾಬಿಲೋನಿನವರಿಗೂ ಮೊದಲೇ ತಿಳಿದಿತ್ತು. ಗ್ರೀಕರು ಆ ಅಳತೆಗೆ ಕಾರಣವನ್ನು ಕೇಳಿದರು. ಕ್ರಿಸ್ತಪೂರ್ವ ಸುಮಾರು 300ರಲ್ಲಿ ಯೂಕ್ಲಿಡನು ಒಂದು ಮಾತಿನಿಂದ ಮತ್ತೊಂದನ್ನು ಸಾಧಿಸುತ್ತ ರೇಖಾಗಣಿತವನ್ನು ಕಟ್ಟಿದನು. ಮುಂದಿನ ಶತಮಾನದಲ್ಲಿ ಎರಟೊಸ್ತೆನೀಸನು ನೆರಳಿನಿಂದಲೇ ಭೂಮಿಯನ್ನು ಅಳೆದನು. ಬೇಸಿಗೆಯ ಅತಿ ದೀರ್ಘವಾದ ಹಗಲಿನ ನಡುಹೊತ್ತಿನಲ್ಲಿ ಸಿಯೇನೆಯಲ್ಲಿ ಸೂರ್ಯನು ನೆತ್ತಿಯ ಮೇಲೆ ನಿಲ್ಲುವನು. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂದ್ರಿಯದಲ್ಲಿ ನೆರಳು ತೋರುವ ಕೋನವು ವೃತ್ತದ ಐವತ್ತನೆಯ ಒಂದು ಪಾಲು. ಎರಡೂ ಪಟ್ಟಣಗಳ ನಡುವಣ ದೂರವು 5,000 ಸ್ಟೇಡಿಯವಾದರೆ ಭೂಮಿಯ ಸುತ್ತಳತೆಯು ಅದರ ಐವತ್ತರಷ್ಟು, ಅಂದರೆ 2,50,000 ಸ್ಟೇಡಿಯವಾಗಬೇಕೆಂದು ಆತನು ಲೆಕ್ಕಹಾಕಿದನು.

ಇದನ್ನು ಪರೀಕ್ಷಿಸಲು ಈಜಿಪ್ಟಿಗೆ ಹೋಗಬೇಕಾಗಿಲ್ಲ. ನಮ್ಮ ಈ ನಾಲ್ಕು ತಾಲೂಕುಗಳಲ್ಲಿಯೂ ಏಪ್ರಿಲ್ ಕೊನೆ ಅಥವಾ ಮೇ ಮೊದಲಿನ ಒಂದು ದಿನ ಸೂರ್ಯನು ಸರಿಯಾಗಿ ನೆತ್ತಿಗೆ ಬರುವನು. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ನಡುಹಗಲಿನಲ್ಲಿ ನೆರಳೇ ಇರುವುದಿಲ್ಲ. ಅದೇ ದಿನ ಬೀದರಿನಲ್ಲಿ ನಿಲ್ಲಿಸಿದ ಕೋಲಿಗೆ ಬಡಗಣ ದಿಕ್ಕಿಗೆ ಕಿರುನೆರಳು ಬೀಳುವುದು. ಆಗಸ್ಟಿನಲ್ಲಿ ಸೂರ್ಯನು ಮತ್ತೊಮ್ಮೆ ನೆತ್ತಿಗೆ ಬಂದರೂ ಆಗ ಮಳೆಯ ಮೋಡವು ಅಡ್ಡವಾಗುವುದುಂಟು. ಆದುದರಿಂದ ಬೇಸಿಗೆಯ ರಜೆಯಲ್ಲಿ ಮನೆಗೆ ಬಂದ ಮಗಳು ಬಿಸಿಲಿನಲ್ಲಿ ಕೋಲು ನೆಟ್ಟರೆ ಗದರಿಸಬೇಡಿರಿ. ಹತ್ತಿರ ನಿಂತು ನೋಡಿರಿ.

ಪ್ರಮಾಣವನ್ನು ಕೇಳುವ ಈ ಅಭ್ಯಾಸವು ನಮ್ಮ ಅಭಿಮಾನಕ್ಕೂ ಒಪ್ಪಬೇಕು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಅಚ್ಚಾದ ಒಂದು ಗ್ರೀಕ್ ಪ್ರಹಸನದಲ್ಲಿ, ಹಿಂದೂದೇಶದ ಕರಾವಳಿಯಲ್ಲಿ ಸೆರೆಯಾದ ಚಾರಿಷನ್ ಎಂಬ ಗ್ರೀಕ್ ಕನ್ಯೆಯ ಕಥೆಯಿದೆ. ಅದರಲ್ಲಿ ಅಲ್ಲಿಯ ಜನರು ಆಡುವ ಮಾತುಗಳಲ್ಲಿ ಕನ್ನಡವಿದೆಯೆಂದು ಹುಲ್ಟ್ಸ್ ಎಂಬ ಜರ್ಮನ್ ಪಂಡಿತರು ಸೂಚಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ವಿಚಾರಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನಮ್ಮ ನುಡಿಯ ಮೇಲಣ ಪ್ರೀತಿಯು ಪ್ರಮಾಣದ ಸ್ಥಾನವನ್ನು ತುಂಬಲಾರದೆಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠವುಂಟೆ?

ಗ್ರೀಕರಲ್ಲಿ ಬುದ್ಧಿಯೊಡನೆ ಹೃದಯವೂ ಇತ್ತು. ಕ್ರಿಸ್ತಪೂರ್ವ 480ರಲ್ಲಿ ಅಥೇನೆಯವರು ಸಲಾಮಿಸಿನಲ್ಲಿ ಪಾರಸಿಕರ ಹಡಗುಪಡೆಯನ್ನು ಸೋಲಿಸಿದರು. ಪಾರಸಿಕರೊಡನೆ ಯುದ್ಧಮಾಡಿದ ಈಸ್ಕಿಲಸನು 472ರಲ್ಲಿ ನಾಟಕವನ್ನಾಡಿಸಿದಾಗ ತನ್ನವರ ಜಯಘೋಷವನ್ನು ರಂಗಕ್ಕೆ ತರದೆ, ಸೋತ ಅರಸನ ತಾಯಿಯ ದುಃಖವನ್ನು ತಂದನು. ಅದನ್ನು ಬಿ. ಎಂ. ಶ್ರೀಕಂಠಯ್ಯನವರು "ಪಾರಸಿಕರು" ಎಂದು ಕನ್ನಡಕ್ಕೆ ಕೊಟ್ಟಿದ್ದಾರೆ. ಶತ್ರುವಿನ ತಾಯಿಯೂ ತಾಯಿಯೆಂಬುದು ಅಲ್ಲಿಯ ಪಾಠ.

ಆದರೂ ಗ್ರೀಕರ ದೊಡ್ಡ ದೋಷವನ್ನು ನಾವು ಮುಚ್ಚಬಾರದು. ಅಥೇನೆಯಲ್ಲಿ ಹುಡುಗರು ಪಾಠಶಾಲೆಗೆ ಹೋದರು. ಹುಡುಗಿಯರು ಮನೆಯೊಳಗೆ ಉಳಿದರು. ಪ್ರಜೆಗಳ ಸಭೆಯಲ್ಲಿ ಹೆಂಗಸರಿಗೂ ದಾಸರಿಗೂ ಸ್ಥಾನವಿರಲಿಲ್ಲ. ರಾಜ್ಯವನ್ನು ಕಾಯುವ ಸ್ತ್ರೀಯರಿಗೂ ಪುರುಷರಿಗೂ ಒಂದೇ ಶಿಕ್ಷಣವಿರಲೆಂದು ಪ್ಲೇಟೋ ಬರೆದನು. ಆತನ ಶಿಷ್ಯ ಅರಿಸ್ಟಾಟಲನು ಸ್ತ್ರೀಯರು ಆಳಿಸಿಕೊಳ್ಳತಕ್ಕವರೆಂದನು. ಊರು ಶಿಷ್ಯನ ಮಾತಿನಂತೆಯೇ ನಡೆಯಿತು. ಎಲ್ಲವನ್ನೂ ಪ್ರಶ್ನಿಸಿದ ಆ ಜನರು ತಮ್ಮ ಮನೆಯ ಕದವನ್ನು ಮಾತ್ರ ಪ್ರಶ್ನಿಸಲಿಲ್ಲ.

ನಾವಾದರೂ ಅವರಿಗಿಂತ ಮೇಲೆಂದು ಹೇಳಿಕೊಳ್ಳಬಹುದೆ? ಮಗಳನ್ನು ಶಾಲೆಗೆ ಕಳುಹಿಸುತ್ತೇವೆ, ಅಂಕಗಳನ್ನು ನೋಡಿ ಹಿಗ್ಗುತ್ತೇವೆ. ಆದರೆ ಮನೆಯಲ್ಲಿ ಮಗನು "ಏಕೆ?" ಎಂದರೆ ಅದು ಜಾಣತನ, ಮಗಳು ಅದನ್ನೇ ಅಂದರೆ ಎದುರುತ್ತರ. ಹೀಗಾದರೆ ಕದವು ತೆರೆದಂತೆ ಕಂಡರೂ ಅಗಳಿಯು ಬಿದ್ದೇ ಇರುವುದು.

ಪ್ರಶ್ನಿಸಿದರೆ ಭಕ್ತಿ ಕೆಡುವುದೆಂದು ಅಂಜುವ ಹಿರಿಯರು ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯವನ್ನು ತೆರೆಯಲಿ. ಮಕೆದೋನ್ಯದ ಬೆರೋಯ ಪಟ್ಟಣದವರು ಪೌಲನ ಬೋಧನೆಯನ್ನೂ ಹಾಗೆಯೇ ನುಂಗಲಿಲ್ಲ. ಅದು ಹೌದೋ ಅಲ್ಲವೋ ಎಂದು ದಿನಾಲು ಶಾಸ್ತ್ರವನ್ನು ಶೋಧಿಸಿದರು. ಅದಕ್ಕಾಗಿ ಅವರಿಗೆ ನಿಂದೆಯಲ್ಲ, ಹೊಗಳಿಕೆಯು ಬಂದಿತು. ಅಲ್ಲಿ ನಂಬಿದವರಲ್ಲಿ ಗ್ರೀಕ್ ಸ್ತ್ರೀಯರೂ ಹಲವರಿದ್ದರು.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ನಿಮ್ಮಲ್ಲಿ ಅನೇಕರು ಇಂದು ತಾಯಂದಿರು. ನಿಮ್ಮ ಮಗಳು ಪ್ರಶ್ನೆ ಕೇಳಿದ ದಿನ ಕೈಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಉತ್ತರ ಕೊಡಿರಿ. ತಿಳಿಯದಿದ್ದರೆ ಅವಳೊಡನೆ ಹುಡುಕಿರಿ. ಗ್ರೀಕರು ತಮ್ಮ ಹೆಣ್ಣುಮಕ್ಕಳಿಗೆ ಕೊಡದೆ ಹೋದುದನ್ನು ನಾವು ನಮ್ಮವರಿಗೆ ಕೊಡುವುದೇ ಅವರ ಸಾಲವನ್ನು ತೀರಿಸುವ ದಾರಿ.