ಕತ್ತರಿಸುವ ಮುನ್ನ ಸುತ್ತಿ ನೋಡಿ

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಗಬ್ಬೂರು ದಾಟಿದ ಮೇಲೆ ಒಂದು ಸಣ್ಣ ಏರು. ಕಾಲಿಗೆ ಹಗುರಾಗಲಿ ಎಂದು ಹಿಂದಿನ ಗೇರನ್ನು ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ ಏರಿಸಿದೆ. ಮುಂದೆಯೂ ಚೈನ್ ದೊಡ್ಡ ಚಕ್ರದ ಮೇಲೇ ಇದೆ ಅನ್ನುವುದು ಲಕ್ಷ್ಯದಲ್ಲಿರಲಿಲ್ಲ. ಕಟಕ್ ಎಂದಿತು, ಗಾಲಿ ನಿಂತೇಬಿಟ್ಟಿತು. ಇಳಿದು ನೋಡಿದರೆ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೈಲರ್ ಸ್ಪೋಕುಗಳ ನಡುವೆ ಸಿಕ್ಕಿಕೊಂಡಿದೆ, ಅದನ್ನು ಫ್ರೇಮಿಗೆ ಹಿಡಿದಿಡುವ ಕಬ್ಬಿಣದ ಕಿವಿ ಬಗ್ಗಿದೆ. ಹೊಸ ಚೈನ್ ಹಾಕಿ ಮೂರು ದಿನವೂ ಆಗಿರಲಿಲ್ಲ.

ಹಾಕಿದವನು ನಾನೇ. ಹಳೆಯ ಚೈನನ್ನು ನೆಲಕ್ಕೆ ಹಾಸಿ, ಪಕ್ಕದಲ್ಲಿ ಹೊಸದನ್ನಿಟ್ಟು, ಸರಿಸಮ ನೋಡಿ ಕತ್ತರಿಸಿದ್ದೆ. ಆ ಹಳೆಯದು ಹಿಂದೊಮ್ಮೆ ಹರಿದಾಗ ಯಾರೋ ನಾಲ್ಕು ಕೊಂಡಿ ಕಿತ್ತು ಜೋಡಿಸಿದ್ದರು, ಅದು ಮರೆತೇ ಹೋಗಿತ್ತು. ಗಿಡ್ಡದ್ದರ ನಕಲು ಗಿಡ್ಡವೇ ಆಯಿತು. ಸೈಕಲ್ಲನ್ನು ಟಂಟಂ ಮೇಲೆ ಹಾಕಿಕೊಂಡು ರಾಯಚೂರಿಗೆ ಬಂದಾಗ ರಿಪೇರಿ ಅಂಗಡಿಯ ಚಾಚಾ ಬೈಯಲಿಲ್ಲ. "ಉದ್ದ ಆದ್ರ ಕಡೀಬಹುದು ಸರ್, ಗಿಡ್ಡ ಆದ್ರ ಎಲ್ಲಿಂದ ತರ್ತೀರಿ?" ಎಂದಷ್ಟೇ ಕೇಳಿದರು.

ನಮ್ಮ ಕಡೆ ಇಂಥ ತಪ್ಪು ಆಗುವುದಕ್ಕೆ ಕಾರಣವಿದೆ. ನಾವೆಲ್ಲ ಕಲಿತದ್ದು ಗೇರಿಲ್ಲದ ಸೈಕಲ್ ಮೇಲೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ ಮಾನ್ವಿ, ದೇವದುರ್ಗದ ಹಳ್ಳಿ ಹಳ್ಳಿಯಲ್ಲೂ ಅಂಥ ಸೈಕಲ್ ಬಂದವು. ಅದರ ಚೈನ್ ಸಡಿಲಾದರೆ ಹುಡುಗರೇ ಹಿಂದಿನ ಗಾಲಿಯ ನಟ್ ಸಡಿಲಿಸಿ, ಗಾಲಿಯನ್ನು ಒಂದಿಷ್ಟು ಹಿಂದಕ್ಕೆಳೆದು ಬಿಗಿ ಮಾಡಿಬಿಡುತ್ತಾರೆ. ಅಲ್ಲಿ ಅಳತೆಯ ತಪ್ಪನ್ನು ಗಾಲಿ ನುಂಗುತ್ತದೆ. ಈಗ ಪೇಟೆಯಲ್ಲಿ ಹೆಚ್ಚಾಗಿರುವ ದಪ್ಪ ಟೈರಿನ ಗೇರ್ ಸೈಕಲ್‌ನಲ್ಲಿ ಗಾಲಿಗೆ ಸರಿದಾಡಲು ಜಾಗವಿಲ್ಲ. ಹಿಂದೆ ಜೋತುಬಿದ್ದಿರುವ, ಎರಡು ಪುಟ್ಟ ರಾಟೆಗಳುಳ್ಳ ಸ್ಪ್ರಿಂಗಿನ ತೋಳು, ಅಂದರೆ ಡಿರೈಲರ್, ಮುಂದೆ ಹಿಂದೆ ಬಾಗಿ ಸಡಿಲನ್ನು ಎಳೆದುಕೊಳ್ಳುತ್ತದೆ. ಆ ತೋಳಿನ ಎಟುಕಿಗೂ ಮಿತಿಯಿದೆ. ಚೈನಿನ ಉದ್ದ ಆ ಮಿತಿಯೊಳಗೆ ಬೀಳಬೇಕು.

ಮೊದಲು, ಬದಲಾಯಿಸಲೇಬೇಕೇ ಎಂದು ತಿಳಿಯುವ ಬಗೆ. ಚೈನ್ ಎಳೆದು ಉದ್ದವಾಗುತ್ತದೆ ಎನ್ನುತ್ತೇವೆ. ನಿಜದಲ್ಲಿ ಕಬ್ಬಿಣ ಹಿಗ್ಗುವುದಿಲ್ಲ, ಪ್ರತಿ ಕೊಂಡಿಯ ಪಿನ್ ಸವೆಯುತ್ತದೆ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ನಲವತ್ತು ಅಡಿಗೂ ಉದ್ದದ ಕಲ್ಲನ್ನು ನೋಡಿದವರಿಗೆ ಅದರ ಪಕ್ಕದ ಗೀರುಚಿತ್ರವೂ ನೆನಪಿರಬಹುದು. ಅಂಥದೊಂದು ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಉದ್ದನೆಯ ಸಾಲು ಕಟ್ಟಿ ಎಳೆಸುವ ಚಿತ್ರ ಅದು. ಆ ಸಾಲಿನಲ್ಲಿ ಒಂದೊಂದು ನೊಗದ ಹಗ್ಗ ಒಂದು ಬೆರಳು ಸಡಿಲಾಯಿತೆನ್ನಿ, ಇಡೀ ಸಾಲು ಒಂದು ಮಾರು ಉದ್ದವಾಗುತ್ತದೆ. ಚೈನಿನಲ್ಲೂ ಹಾಗೇ: ಒಂದೊಂದು ಪಿನ್ ಕೂದಲೆಳೆಯಷ್ಟು ಸವೆದರೆ ಸಾಕು, ನೂರಾರು ಪಿನ್ ಸೇರಿ ಅರ್ಧ ಇಂಚಾಗುತ್ತದೆ. ಹಾಗೆ ದೂರ ಸರಿದ ಕೊಂಡಿಗಳು ಫ್ರೀವೀಲಿನ, ಅಂದರೆ ಹಿಂದಿನ ಹಲ್ಲುಚಕ್ರಗಳ, ಹಲ್ಲಿನ ಬುಡದಲ್ಲಿ ಕೂರದೆ ನೆತ್ತಿಗೆ ಏರಿ, ಹಲ್ಲನ್ನೂ ತಿನ್ನತೊಡಗುತ್ತವೆ.

ನೋಡಲು ಬೇಕಾದ್ದು ಒಂದು ಸ್ಟೀಲ್ ಟೇಪ್. ತುದಿಯ ಕೊಕ್ಕೆ ಅಲ್ಲಾಡುವುದರಿಂದ ಸೊನ್ನೆಯಿಂದ ಹಿಡಿಯಬೇಡಿ, 1 ಇಂಚಿನ ಗೆರೆಯನ್ನು ಒಂದು ಪಿನ್ನಿನ ನಟ್ಟನಡುವೆ ಇಡಿ. ಪೆಡಲ್ ಮೇಲೆ ಸ್ವಲ್ಪ ಭಾರ ಹಾಕಿ ಚೈನ್ ಬಿಗಿಯಾಗಿರಲಿ. ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಆದ್ದರಿಂದ 24 ಕೊಂಡಿ ದಾಟಿದ ಮೇಲಿನ ಪಿನ್ನಿನ ನಡು ಹೊಸ ಚೈನಿನಲ್ಲಿ 13ರ ಗೆರೆಯ ಮೇಲೆ ಬೀಳುತ್ತದೆ. ಅದು ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ತಡವಾಗಿದೆ, ಫ್ರೀವೀಲಿಗೂ ದುಡ್ಡು ತೆಗೆದಿಡಿ.

ಇದೇ ಕಾರಣಕ್ಕೆ ಹಳೆಯದರ ಪಕ್ಕ ಹೊಸದನ್ನಿಟ್ಟು ಅಳೆಯುವುದು ಎರಡು ಪಟ್ಟು ಮೋಸ. ಹಳೆಯದು ಮೊದಲೇ ತಪ್ಪು ಅಳತೆಯದಾಗಿರಬಹುದು. ಸರಿಯಿದ್ದರೂ ನೂರಕ್ಕೆ ಒಂದರಷ್ಟು ಸವೆದ 106 ಕೊಂಡಿಯ ಚೈನ್ ಹೊಸದರ 107 ಕೊಂಡಿಗೆ ಸಮವಾಗಿ ಮಲಗಿರುತ್ತದೆ. ಹೋಲಿಸಲೇಬೇಕೆಂದಿದ್ದರೆ ಕೊಂಡಿ ಎಣಿಸಿ, ಉದ್ದ ನೋಡಬೇಡಿ.

ಅಂಗಡಿಯಲ್ಲಿ "ಗೇರ್ ಸೈಕಲ್ ಚೈನ್ ಕೊಡ್ರಿ" ಎಂದರೆ ಸಾಲದು. ಚೈನಿನ ಅಗಲ ತೀರ್ಮಾನವಾಗುವುದು ಹಿಂದೆ ಎಷ್ಟು ಹಲ್ಲುಚಕ್ರ ಇವೆ ಎಂಬುದರ ಮೇಲೆ. ಸೈಕಲ್ ಮೇಲೆ '21 ಗೇರ್' ಎಂದು ಬರೆದಿದ್ದರೆ ಅದು ಮುಂದಿನ ಮೂರು ಗುಣಿಸು ಹಿಂದಿನ ಏಳು. ನೀವು ಕೇಳಬೇಕಾದದ್ದು 7 ಸ್ಪೀಡ್ ಚೈನ್. 6, 7, 8ಕ್ಕೆ ಸಾಮಾನ್ಯವಾಗಿ ಒಂದೇ ಚೈನ್ ನಡೆಯುತ್ತದೆ. 9, 10, 11, 12ಕ್ಕೆ ಒಂದಕ್ಕಿಂತ ಒಂದು ಸಪೂರ, ಆಯಾ ಸಂಖ್ಯೆಯದನ್ನೇ ತರಬೇಕು. ಗೇರಿಲ್ಲದ ಸೈಕಲ್ಲಿನ ಅಗಲದ ಚೈನ್ ಅಗ್ಗ ಎಂದು ತಂದರೆ ಅದು ಹಿಂದಿನ ಚಕ್ರಗಳ ಸಂದಿನಲ್ಲಿ ಪಕ್ಕದ ಹಲ್ಲಿಗೆ ಉಜ್ಜುತ್ತದೆ.

ಈಗ ಅಳತೆ. ಹೊಸ ಚೈನ್ ಸಾಮಾನ್ಯವಾಗಿ 114 ಅಥವಾ 116 ಕೊಂಡಿಯದ್ದಿರುತ್ತದೆ, ಬಹುತೇಕ ಸೈಕಲ್ಲಿಗೆ ಹೆಚ್ಚೇ. ಅದನ್ನು ಡಿರೈಲರಿನ ರಾಟೆಗಳಿಗೆ ತೂರಿಸದೆ, ನೇರವಾಗಿ ಮುಂದಿನ ಎಲ್ಲಕ್ಕಿಂತ ದೊಡ್ಡ ಚಕ್ರ ಮತ್ತು ಹಿಂದಿನ ಎಲ್ಲಕ್ಕಿಂತ ದೊಡ್ಡ ಚಕ್ರದ ಮೇಲೆ ಸುತ್ತಿ ಎರಡು ತುದಿಯನ್ನೂ ಬಿಗಿಯಾಗಿ ಎಳೆದು ತನ್ನಿ. ಎಲ್ಲಿ ಕೂಡುತ್ತವೋ ಆ ಕೊಂಡಿಯನ್ನು ಬೆರಳಲ್ಲಿ ಹಿಡಿದು, ಅಲ್ಲಿಂದ ಒಂದು ಇಂಚು, ಅಂದರೆ ಒಂದು ಒಳಕೊಂಡಿ ಮತ್ತು ಒಂದು ಹೊರಕೊಂಡಿ, ಹೆಚ್ಚಿಗೆ ಬಿಟ್ಟು ಗುರುತು ಹಾಕಿ. ಆ ಒಂದು ಇಂಚೇ ಡಿರೈಲರಿನ ತೋಳಿಗೆ ಉಸಿರಾಡಲು ಬಿಟ್ಟ ಜಾಗ. ಬಿಚ್ಚಿ ಹಾಕುವ ಲಾಕ್ ಬಳಸುವವರು ಒಂದು ಮಾತು ನೆನಪಿಡಿ: ಲಾಕ್ ತಾನೇ ಒಂದು ಹೊರಕೊಂಡಿ. ಹಾಗಾಗಿ ಎರಡು ತುದಿಯಲ್ಲೂ ಒಳಕೊಂಡಿ ಉಳಿಯಬೇಕು, ಎಣಿಕೆಯಲ್ಲಿ ಲಾಕನ್ನೂ ಸೇರಿಸಬೇಕು. ಹಿಂದೆಯೂ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ ಆದರೆ ಚೈನ್ ಸುತ್ತುವಾಗ ಯಾರನ್ನಾದರೂ ಸೀಟಿನ ಮೇಲೆ ಪೂರ್ತಿ ಭಾರ ಹಾಕಿ ಕೂರಿಸಿ. ಕೂತಾಗ ಗಾಲಿ ಹಿಂದೆ ಸರಿದು ಇನ್ನೊಂದಿಷ್ಟು ಚೈನ್ ಬೇಡುವುದುಂಟು. ಮುಂದೆ ಒಂದೇ ಚಕ್ರವಿರುವ ದುಬಾರಿ ಸೈಕಲ್ಲಿಗೆ ಡಿರೈಲರ್ ತಯಾರಕರು ಹೇಳಿದ ಲೆಕ್ಕವೇ ಬೇರೆ ಇರುತ್ತದೆ, ಅದನ್ನೇ ಅನುಸರಿಸಿ.

ಕೈಯಲ್ಲಿ ಹಿಡಿದದ್ದನ್ನು ಕಾಗದದ ಮೇಲೂ ತಾಳೆ ನೋಡಬಹುದು. ಮುಂದಿನ ಹಲ್ಲುಚಕ್ರದ ಅಚ್ಚಿನಿಂದ ಹಿಂದಿನ ಗಾಲಿಯ ಅಚ್ಚಿಗೆ 17 ಇಂಚು, ಮುಂದಿನ ದೊಡ್ಡ ಚಕ್ರಕ್ಕೆ 42 ಹಲ್ಲು, ಹಿಂದಿನದಕ್ಕೆ 28 ಎನ್ನಿ. 17ರ ಎರಡರಷ್ಟು 34. 42ರ ಕಾಲುಭಾಗ ಹತ್ತೂವರೆ, 28ರ ಕಾಲುಭಾಗ 7, ಮೇಲೊಂದು ಇಂಚು. ಕೂಡಿದರೆ ಐವತ್ತೆರಡೂವರೆ. ಒಳ-ಹೊರ ಜೋಡಿ ಮುರಿಯದಂತೆ 53ಕ್ಕೆ ಏರಿಸಿ: 106 ಕೊಂಡಿ. ಈ ಸಂಖ್ಯೆಯನ್ನು ಸೀಟಿನ ಅಡಿಗೆ ಬರೆದಿಟ್ಟರೆ ಮುಂದಿನ ಸಲ ಈ ಸರ್ಕಸ್ಸೇ ಬೇಡ.

ಕತ್ತರಿಸಲು ಚೈನ್ ಕಟರ್ ಬೇಕು. ಮೊಳೆ, ಸುತ್ತಿಗೆಯಿಂದ ಹೊಡೆದು ಪಿನ್ ತೆಗೆಯುವವರಿದ್ದಾರೆ, ಪಕ್ಕದ ತಗಡು ಸೊಟ್ಟಗಾಗುತ್ತದೆ. ನಂತರ ಚೈನನ್ನು ಡಿರೈಲರಿಗೆ ತೂರಿಸುವ ಹೊತ್ತು. ಹಿಂದಿನ ಹಲ್ಲುಚಕ್ರದಿಂದ ಇಳಿದು ಬಂದ ಚೈನ್ ಮೇಲಿನ ರಾಟೆಯ ಮುಂಭಾಗಕ್ಕೆ ಹಾದು, ಕೆಳಗಿನ ರಾಟೆಯ ಹಿಂಭಾಗದಿಂದ ಸುತ್ತಿ ಮುಂದಕ್ಕೆ ಹೋಗಬೇಕು. ಎರಡು ರಾಟೆಗಳ ನಡುವೆ ತೋಳಿನ ಒಳಗೆ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಚೈನ್ ಅದರ ತಪ್ಪು ಪಕ್ಕಕ್ಕೆ ಹೋದರೂ ಸೈಕಲ್ ಓಡುತ್ತದೆ, ಆದರೆ ಕರಕರ ಎನ್ನುತ್ತಲೇ ಇರುತ್ತದೆ. ಆ ಸದ್ದಿಗೆ ಎಣ್ಣೆ ಹಾಕಿ ಹಾಕಿ ಸೋತವರನ್ನು ಕಂಡಿದ್ದೇನೆ.

ಲಾಕಿನ ಎರಡು ಅರ್ಧವನ್ನು ಕೂಡಿಸಿ, ಅದು ಮೇಲ್ಭಾಗದ ಚೈನಿನಲ್ಲಿ ಬರುವಂತೆ ಪೆಡಲ್ ತಿರುಗಿಸಿ, ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಜೋರಾಗಿ ತುಳಿದರೆ 'ಟಕ್' ಎಂದು ಕೂರುತ್ತದೆ. ಪಿನ್ನಿನಿಂದಲೇ ಜೋಡಿಸಿದ್ದರೆ ಅದು ಎರಡೂ ಪಕ್ಕಕ್ಕೆ ಸಮನಾಗಿರಲಿ. ಆ ಕೊಂಡಿ ಬಿರುಸಾಗಿ ಮಡಚದಿದ್ದರೆ ಎರಡು ಕಡೆ ಹಿಡಿದು ಅಡ್ಡಕ್ಕೆ ಮೆಲ್ಲಗೆ ಅಲ್ಲಾಡಿಸಿ, ಸಡಿಲಾಗುತ್ತದೆ.

ಮುಂದೆ ಸಣ್ಣದು, ಹಿಂದೆ ಸಣ್ಣದು ಹಾಕಿ ನೋಡಿ: ಚೈನ್ ಜೋತುಬಿದ್ದರೆ ಉದ್ದ ಹೆಚ್ಚಾಯಿತು. ದೊಡ್ಡದು, ದೊಡ್ಡದು ಹಾಕಿ ಕೈಯಿಂದ ಪೆಡಲ್ ತಿರುಗಿಸಿ: ತೋಳು ಮುಂದಕ್ಕೆ ಚಾಚಿದ್ದರೂ ರಾಟೆಗಳ ಬಳಿ ಚೈನಿಗೆ ಸ್ವಲ್ಪ ಬಾಗು ಉಳಿದಿರಬೇಕು. ಇವೆರಡು ಪರೀಕ್ಷೆಗೆ ಮಾತ್ರ, ಆ ಜೋಡಿಯಲ್ಲಿ ಸವಾರಿ ಬೇಡ. ಕೊನೆಗೆ ಒಂದು ಏರಿನಲ್ಲಿ ಜೋರಾಗಿ ತುಳಿಯಿರಿ. ಚೈನ್ ಹಲ್ಲಿನ ಮೇಲೆ ಹಾರಿ ಹಾರಿ ಬಿದ್ದರೆ ತಪ್ಪು ಚೈನಿನದ್ದಲ್ಲ, ಹಳೆಯ ಫ್ರೀವೀಲ್ ಸವೆದಿದೆ.

ನಮ್ಮ ಜಿಲ್ಲೆಯಲ್ಲಿ ಚೈನ್ ಬೇಗ ಸವೆಯುವುದಕ್ಕೆ ನೆಲವೇ ಸಾಕ್ಷಿ. ಮಾನ್ವಿ ಕಡೆ ನಾಟಿಯ ಹೊತ್ತಿಗೆ ಗದ್ದೆಯಿಂದ ಏರಿದ ಟ್ರ್ಯಾಕ್ಟರುಗಳು ರೊಚ್ಚನ್ನು ಡಾಂಬರಿನ ಮೇಲೆ ಚೆಲ್ಲುತ್ತವೆ, ವಾರದಲ್ಲಿ ಅದು ಒಣಗಿ ಹಿಟ್ಟಾಗುತ್ತದೆ. ದೇವದುರ್ಗದ ಎರೆಹೊಲದ ದಾರಿಯಲ್ಲಿ ಮಳೆ ಬಂತೆಂದರೆ ಮಣ್ಣು ಡಿರೈಲರಿನೊಳಗೇ ಮನೆ ಮಾಡುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ಹೋದರೆ ಹಾರುಬೂದಿ. ಇದರ ಮೇಲೆ ಗ್ಯಾರೇಜಿನ ಸುಟ್ಟ ಆಯಿಲ್ ಸುರಿದರೆ ಧೂಳೂ ಎಣ್ಣೆಯೂ ಕಲೆತು ಸಾಣೆಹಿಟ್ಟೇ ಆಗುತ್ತದೆ. ಕೊಂಡಿಗೊಂದು ಹನಿ ತೆಳು ಎಣ್ಣೆ, ಐದು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಒಣ ಅರಿವೆಯಿಂದ ಒರೆಸಿಬಿಡಿ. ಎಣ್ಣೆ ಬೇಕಿರುವುದು ಪಿನ್ನಿನೊಳಗೆ. ಹೊಸ ಚೈನಿಗೆ ಕಾರ್ಖಾನೆಯವರೇ ಜಿಡ್ಡು ತುಂಬಿರುತ್ತಾರೆ, ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಉತ್ಸಾಹ ಬೇಡ.

ಕತ್ತರಿಸಿ ಉಳಿದ ಎಂಟು ಕೊಂಡಿಯ ತುಂಡನ್ನೂ ಎಸೆಯಬೇಡಿ. ಎರಡು ಲಾಕ್ ಜೊತೆ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಳ್ಳಿ. ಗಬ್ಬೂರಿನಾಚೆ ಚೈನ್ ಹರಿದರೆ ನಿಮ್ಮ ಸ್ಪೀಡಿನ ಕೊಂಡಿ ಸಿಗುವುದು ಆ ಚೀಲದಲ್ಲಿ ಮಾತ್ರ.