ಅಮೆರಿಕದಲ್ಲಿ ಮನೆ ಏಜೆಂಟರ ಶೇ 6 ಕಮಿಷನ್ ನಿಜವಾಗಿಯೂ ರದ್ದಾಯಿತೇ?

‘ಅಮೆರಿಕದಲ್ಲಿ ಮನೆ ಮಾರಾಟದ ಶೇ 6 ಕಮಿಷನ್ ರದ್ದು, ಇನ್ನು ಮನೆಗಳ ಬೆಲೆ ಇಳಿಯುತ್ತದೆ’ ಎಂಬ ಅರ್ಥದ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದಕ್ಕೆ ಪೂರ್ತಿ ವಿರುದ್ಧವಾದ ಮಾತೂ ಕೇಳಿಬರುತ್ತದೆ: ‘ಇನ್ನು ಮೇಲೆ ಕೊಳ್ಳುವವರೇ ಏಜೆಂಟಿಗೆ ದುಡ್ಡು ಕೊಡಬೇಕಂತೆ, ಕಾನೂನು ಬಂದಿದೆಯಂತೆ.’ ಮಗನೋ ಮಗಳೋ ಡಲ್ಲಾಸ್‌ನಲ್ಲಿ ಅಥವಾ ನ್ಯೂಜೆರ್ಸಿಯಲ್ಲಿ ಮನೆ ಹುಡುಕುತ್ತಿದ್ದರೆ ಎರಡನ್ನೂ ಓದಿ ಗಾಬರಿಯಾಗುವುದು ಸಹಜ. ಎರಡರಲ್ಲೂ ಸ್ವಲ್ಪ ನಿಜವಿದೆ, ಎರಡೂ ಪೂರ್ತಿ ನಿಜವಲ್ಲ.

ಮೊದಲು ಹಳೆಯ ಪದ್ಧತಿ ನೋಡೋಣ. ಅಮೆರಿಕದಲ್ಲಿ ಸಾಮಾನ್ಯವಾಗಿ ಮಾರುವವರಿಗೆ ಒಬ್ಬ ಏಜೆಂಟ್, ಕೊಳ್ಳುವವರಿಗೆ ಇನ್ನೊಬ್ಬ ಏಜೆಂಟ್ ಇರುತ್ತಾರೆ. ಮಾರುವವರು ಬೆಲೆಯ ಶೇ 5ರಿಂದ 6ರಷ್ಟು ಕಮಿಷನ್ ಒಪ್ಪಿಕೊಳ್ಳುತ್ತಿದ್ದರು. ಅದನ್ನು ಇಬ್ಬರು ಏಜೆಂಟರೂ ಹೆಚ್ಚುಕಡಿಮೆ ಅರ್ಧರ್ಧ ಹಂಚಿಕೊಳ್ಳುತ್ತಿದ್ದರು. 5 ಲಕ್ಷ ಡಾಲರ್ ಮನೆಗೆ ಶೇ 6 ಎಂದರೆ 30 ಸಾವಿರ ಡಾಲರ್. ಇದು ಸರ್ಕಾರ ಗೊತ್ತು ಮಾಡಿದ ದರವೇನೂ ಅಲ್ಲ, ಬರೀ ರೂಢಿ. ಇಲ್ಲದ ಕಾನೂನನ್ನು ರದ್ದು ಮಾಡುವ ಪ್ರಶ್ನೆಯೇ ಬರುವುದಿಲ್ಲ.

ಹಾಗಾದರೆ ರೂಢಿ ಅಷ್ಟು ಗಟ್ಟಿಯಾಗಿ ನಿಂತದ್ದು ಹೇಗೆ? ಮಾರಾಟಕ್ಕಿರುವ ಮನೆಗಳ ವಿವರವನ್ನು ಏಜೆಂಟರು ಎಂಎಲ್‌ಎಸ್ ಎಂಬ ಹಂಚಿಕೆಯ ಪಟ್ಟಿಗೆ ಹಾಕುತ್ತಾರೆ. ಕೊಳ್ಳುವವರ ಏಜೆಂಟಿಗೆ ಎಷ್ಟು ಕೊಡುತ್ತೇವೆ ಎಂಬುದನ್ನೂ ಆ ಪಟ್ಟಿಯಲ್ಲೇ ನಮೂದಿಸಬೇಕು ಎಂಬುದು ಏಜೆಂಟರ ರಾಷ್ಟ್ರೀಯ ಸಂಘದ (ಎನ್‌ಎಆರ್) ನಿಯಮವಾಗಿತ್ತು. ‘ಶೇ 1 ಕೊಡುತ್ತೇನೆ’ ಎಂದ ಮಾರಾಟಗಾರರ ಮನೆಗೆ, ಶೇ 3 ಕೊಡುವ ಮನೆಗಳನ್ನು ಬಿಟ್ಟು ಏಜೆಂಟರು ಗಿರಾಕಿ ಕರೆತರುತ್ತಾರೆಯೇ? ಆ ಭಯಕ್ಕೇ ಎಲ್ಲರೂ ವಾಡಿಕೆಯ ದರ ಬರೆಯುತ್ತಿದ್ದರು. ಚೌಕಾಸಿಗೆ ಯಾರೂ ಅಡ್ಡಿ ಮಾಡಿರಲಿಲ್ಲ, ಆದರೆ ಚೌಕಾಸಿ ಮಾಡಿದವರ ಮನೆ ನೋಡಲು ಜನ ಬಾರದೆ ಹೋಗುವ ಸಂಭವವಿತ್ತು.

ಮಿಸೌರಿಯ ಕೆಲವು ಮನೆ ಮಾರಾಟಗಾರರು 2019ರಲ್ಲಿ ಕೋರ್ಟಿಗೆ ಹೋದದ್ದು ಇದೇ ಕಾರಣಕ್ಕೆ. 2023ರ ಅಕ್ಟೋಬರ್ 31ರಂದು ಕಾನ್ಸಾಸ್ ಸಿಟಿಯ ಜ್ಯೂರಿ, ಸಂಘ ಮತ್ತು ದೊಡ್ಡ ಬ್ರೋಕರ್ ಕಂಪನಿಗಳು ಸೇರಿ ಕಮಿಷನ್ ಇಳಿಯದಂತೆ ನೋಡಿಕೊಂಡಿವೆ ಎಂದು ತೀರ್ಮಾನಿಸಿ, ಸುಮಾರು 178 ಕೋಟಿ ಡಾಲರ್ ಪರಿಹಾರಕ್ಕೆ ಹೇಳಿತು. 2024ರ ಮಾರ್ಚ್‌ನಲ್ಲಿ ಸಂಘ 41.8 ಕೋಟಿ ಡಾಲರ್ ಕೊಟ್ಟು ನಿಯಮ ಬದಲಿಸಲು ಒಪ್ಪಿ ರಾಜಿ ಮಾಡಿಕೊಂಡಿತು. ಇಲ್ಲಿ ಒಂದು ಸಂಗತಿ ಗಮನಿಸಿ: ದಾವೆ ಹೂಡಿದವರು ಮಾರುವವರು, ಕೊಳ್ಳುವವರಲ್ಲ. ಈ ಪರಿಹಾರದ ಹಣವೂ ಮಾರಿದವರ ಪಾಲಿನದು.

ಹೊಸ ನಿಯಮಗಳು ಜಾರಿಯಾದದ್ದು 2024ರ ಆಗಸ್ಟ್ 17ರಿಂದ. ಮುಖ್ಯವಾದವು ಎರಡೇ. ಕೊಳ್ಳುವವರ ಏಜೆಂಟಿನ ಕಮಿಷನ್ ಎಷ್ಟೆಂದು ಎಂಎಲ್‌ಎಸ್‌ನಲ್ಲಿ ಹಾಕುವಂತಿಲ್ಲ. ಇನ್ನೊಂದು, ಏಜೆಂಟ್ ಜೊತೆ ಮನೆ ನೋಡಲು ಹೋಗುವ ಮೊದಲೇ ಕೊಳ್ಳುವವರು ಲಿಖಿತ ಒಪ್ಪಂದಕ್ಕೆ ಸಹಿ ಹಾಕಬೇಕು.

ನಮ್ಮವರು ಎಡವುವುದು ಈ ಎರಡನೆಯದರಲ್ಲಿ. ಮನೆ ಬಾಗಿಲಲ್ಲಿ ನಿಂತಾಗ ಫೋನಿಗೆ ಒಂದು ಲಿಂಕ್ ಬರುತ್ತದೆ, ‘ಇದು ಮಾಮೂಲಿ ಫಾರಂ’ ಎನ್ನುತ್ತಾರೆ, ಬೆರಳಲ್ಲಿ ಸಹಿ ಗೀಚಿ ಒಳಗೆ ಹೋಗುತ್ತೇವೆ. ಆ ಫಾರಂನಲ್ಲಿ ಕಮಿಷನ್ ಎಷ್ಟೆಂದು ಸ್ಪಷ್ಟವಾಗಿ ಇರಲೇಬೇಕು. ‘ಮಾರುವವರು ಎಷ್ಟು ಕೊಡುತ್ತಾರೋ ಅಷ್ಟು’ ಎಂದು ತೇಲಿಸಿ ಬರೆಯುವಂತಿಲ್ಲ. ಬರೆದದ್ದಕ್ಕಿಂತ ಹೆಚ್ಚನ್ನು ಏಜೆಂಟ್ ಯಾರಿಂದಲೂ ಪಡೆಯುವಂತಿಲ್ಲ. ಕಮಿಷನ್ ಕಾನೂನಿನಿಂದ ನಿಗದಿಯಾದದ್ದಲ್ಲ, ಮಾತಾಡಿ ಇಳಿಸಬಹುದು ಎಂಬ ಸಾಲೂ ಅದರಲ್ಲಿ ಎದ್ದು ಕಾಣುವಂತೆ ಇರಬೇಕು. ಹೀಗಾಗಿ ಚೌಕಾಸಿ ಮಾಡಲು ಸರಿಯಾದ ಸಮಯ ಸಹಿಗೆ ಮುಂಚಿನದು. ದರದ ಜೊತೆಗೆ ಒಪ್ಪಂದ ಎಷ್ಟು ದಿನದ್ದು ಎಂದೂ ನೋಡಿ. ಆರು ತಿಂಗಳಿನದಾದರೆ, ಏಜೆಂಟ್ ಹಿಡಿಸದಿದ್ದರೂ ಬಿಟ್ಟು ಬರುವುದು ತಲೆನೋವಾಗಬಹುದು. ಒಂದೇ ಮನೆಗೆ ಅಥವಾ ಕೆಲವೇ ದಿನಕ್ಕೆ ಮಾತ್ರ ಒಪ್ಪಂದ ಮಾಡಿಕೊಳ್ಳೋಣ ಎಂದು ಕೇಳಬಹುದು, ಕೇಳಿದರೆ ತಪ್ಪೇನಿಲ್ಲ. ಓಪನ್ ಹೌಸ್‌ಗೆ ನೀವಾಗಿಯೇ ಹೋದರೆ ಈ ಒಪ್ಪಂದ ಬೇಕಿಲ್ಲ. ಆದರೆ ಅಲ್ಲಿ ನಗುತ್ತಾ ಬರಮಾಡಿಕೊಳ್ಳುವ ಏಜೆಂಟ್ ಸಾಮಾನ್ಯವಾಗಿ ಮಾರುವವರ ಕಡೆಯವರು. ‘ಇನ್ನೂ 20 ಸಾವಿರ ಬೇಕಾದರೂ ಕೊಡುತ್ತೇವೆ’ ಎಂಬ ಮಾತು ಅವರ ಮುಂದೆ ಆಡುವಂಥದ್ದಲ್ಲ.

ಹಾಗಾದರೆ ಕೊಳ್ಳುವವರೇ ಕೈಯಿಂದ ಕೊಡಬೇಕೇ? ಕಡ್ಡಾಯವಿಲ್ಲ. ನಿಮ್ಮ ಏಜೆಂಟಿನ ಕಮಿಷನ್ ನೀವೇ ಕೊಡಿ ಎಂದು ಆಫರ್ ಹಾಕುವಾಗ ಮಾರುವವರನ್ನು ಕೇಳಬಹುದು. ಈಗಲೂ ಅನೇಕರು ಕೊಡುತ್ತಾರೆ. ಅವರು ಒಲ್ಲೆ ಎಂದರೆ ಮಾತ್ರ ಕಷ್ಟ. 5 ಲಕ್ಷ ಡಾಲರ್ ಮನೆಗೆ ಶೇ 2.5 ಎಂದು ಸಹಿ ಹಾಕಿದ್ದರೆ 12,500 ಡಾಲರ್ ಆಯಿತು. ಇದನ್ನು ಸಾಮಾನ್ಯವಾಗಿ ಗೃಹಸಾಲಕ್ಕೆ ಸೇರಿಸಲು ಬರುವುದಿಲ್ಲ. ಡೌನ್ ಪೇಮೆಂಟಿಗೆಂದು ಕೂಡಿಟ್ಟ ಹಣದಿಂದಲೇ ತೆಗೆಯಬೇಕು. ಮೊದಲ ಮನೆ ಕೊಳ್ಳುವ, ಉಳಿತಾಯ ಕಡಿಮೆ ಇರುವ ಕುಟುಂಬಕ್ಕೆ ಪೆಟ್ಟು ಬೀಳುವುದು ಇಲ್ಲಿ. ಒಂದೇ ಮನೆಗೆ ನಾಲ್ಕು ಜನ ಪೈಪೋಟಿಗೆ ಬಿದ್ದಾಗ, ಕಮಿಷನ್ ಕೇಳದವರ ಆಫರ್ ಮಾರುವವರಿಗೆ ಹೆಚ್ಚು ರುಚಿಸುವುದೂ ಸಹಜ.

ಹಾಗೆಂದು ‘ಮೊದಲು ಕೊಳ್ಳುವವರಿಗೆ ಏಜೆಂಟ್ ಪುಕ್ಕಟೆ ಸಿಗುತ್ತಿದ್ದ’ ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. ಕಮಿಷನ್ ಲೆಕ್ಕ ಹಾಕಿಯೇ ಮಾರುವವರು ಬೆಲೆ ಹೇಳುತ್ತಿದ್ದರು. ಆ ಬೆಲೆಗೆ ಸಾಲ ತೆಗೆದವರು 30 ವರ್ಷ ಕಂತಿನಲ್ಲಿ, ಬಡ್ಡಿ ಸಮೇತ, ಏಜೆಂಟಿನ ಪಾಲನ್ನೂ ತೀರಿಸುತ್ತಿದ್ದರು. ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಬೆಲೆ ಇಳಿಯುತ್ತದೆ ಎಂಬ ಮಾತಿಗೆ ಈವರೆಗೆ ಆಧಾರ ಕಂಡಿಲ್ಲ. ಅಲ್ಲಿನ ಮನೆಯ ಬೆಲೆಯನ್ನು ಹೆಚ್ಚಾಗಿ ತೀರ್ಮಾನಿಸುವುದು ಸಾಲದ ಬಡ್ಡಿದರ ಮತ್ತು ಮಾರಾಟಕ್ಕಿರುವ ಮನೆಗಳ ಸಂಖ್ಯೆ. ಕಮಿಷನ್ ಕೂಡ ಕುಸಿದಿಲ್ಲ. ನಿಯಮ ಜಾರಿಯಾದ ನಂತರದ ತಿಂಗಳುಗಳಲ್ಲಿ ಕೊಳ್ಳುವವರ ಏಜೆಂಟಿನ ಸರಾಸರಿ ಪಾಲು ಶೇ 2.4ರ ಆಸುಪಾಸಿನಲ್ಲೇ ಇತ್ತು ಎಂದು ರೆಡ್‌ಫಿನ್ ಕಂಪನಿಯ ಲೆಕ್ಕಗಳು ತೋರಿಸಿವೆ. ನಿಯಮ ಬದಲಾದರೂ ಕೇಳುವ ಅಭ್ಯಾಸ ಬೆಳೆದಿಲ್ಲ ಎಂದೇ ನಮಗನ್ನಿಸುತ್ತದೆ.

ಬೆಂಗಳೂರಿನಲ್ಲಿ ಫ್ಲ್ಯಾಟ್ ನೋಡುತ್ತಿರುವವರು ಈ ಸಂದೇಶ ಓದಿ ಇಲ್ಲೂ ಏನೋ ಬದಲಾಯಿತು ಅಂದುಕೊಳ್ಳಬೇಕಿಲ್ಲ. ಅಲ್ಲಿನ ರಾಜಿಗೂ ಇಲ್ಲಿಗೂ ಸಂಬಂಧವಿಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ, ನೋಂದಾಯಿತ ಪ್ರಾಜೆಕ್ಟ್‌ಗಳಲ್ಲಿ ವ್ಯವಹಾರ ಮಾಡಿಸುವ ಏಜೆಂಟ್ ಕೂಡ ನೋಂದಣಿ ಮಾಡಿಸಿರಬೇಕು. ಆದರೆ ಕಮಿಷನ್ ಇಷ್ಟೇ ಎಂದು ಆ ಕಾಯ್ದೆ ಎಲ್ಲೂ ಹೇಳಿಲ್ಲ. ಎರಡೂ ಕಡೆಯಿಂದ ಕಮಿಷನ್ ಕೇಳುವ ಬ್ರೋಕರ್‌ಗಳೂ ಇಲ್ಲಿದ್ದಾರೆ. ಎಷ್ಟು, ಯಾವಾಗ, ಯಾರು ಕೊಡಬೇಕು ಎಂಬುದನ್ನು ಮನೆ ನೋಡುವ ಮೊದಲೇ ವಾಟ್ಸಾಪ್‌ನಲ್ಲಾದರೂ ಬರೆಸಿಕೊಂಡರೆ, ನೋಂದಣಿ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಜಗಳವಾಡುವುದು ತಪ್ಪುತ್ತದೆ.