ಕೆರೆಯಂಚಿನ ಡೇರೆ, ಕುಗ್ಗುವ 30 ಮೀಟರ್

ಸುತ್ತ ದ್ರಾಕ್ಷಿತೋಟ, ನಡುವೆ ಕೆರೆ, ದಡದಲ್ಲಿ ಸಾಲು ಡೇರೆ. ಮಕ್ಕಳಿಗೆ ದೋಣಿ, ದೊಡ್ಡವರಿಗೆ ವೈನ್. ಬೆಂಗಳೂರಿನ ಉತ್ತರಕ್ಕೆ, ಯಲಹಂಕದಾಚೆಯಿಂದ ನಂದಿಬೆಟ್ಟದ ತಪ್ಪಲಿನವರೆಗೆ ವಾರಾಂತ್ಯದ ಪ್ರವಾಸೋದ್ಯಮ ಮಾರಲು ಹೊರಟಿರುವ ಚಿತ್ರ ಇದು. ಡೇರೆಯೆಂದರೆ ಕಟ್ಟಡವಲ್ಲ, ಬರಿಯ ಬಟ್ಟೆ. ಸಂಸಾರಸ್ಥರು ಬಂದು ಒಂದು ರಾತ್ರಿ ತಂಗಿ ಹೋದರೆ ಯಾರಿಗೇನು ನಷ್ಟ ಎಂಬ ಸಮರ್ಥನೆಯೂ ಅದರೊಂದಿಗೇ ಬರುತ್ತದೆ. ಮಲೆನಾಡಿನ ಹಿನ್ನೀರಿನ ದಡಗಳಲ್ಲೂ ಇದೇ ಮಾತು ಕೇಳಿಬರುತ್ತಿರುವುದರಿಂದ, ಬಯಲುಸೀಮೆಯ ಈ ಕೆರೆಗಳ ಅನುಭವವನ್ನು ಗುಡ್ಡಗಾಡಿನ ಜನ ಗಮನಿಸಲೇಬೇಕು.

ನಷ್ಟವಾಗುವುದು ಕೆರೆಯ ಅಂಚು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಮಲೆನಾಡಿನ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಆ ದ್ರಾವಣ ಹುಟ್ಟಿದ್ದೇ 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ. ಮೈಲುತುತ್ತ ಎಲೆಯ ಮೇಲಿದ್ದರೆ ಔಷಧ. ಮಳೆಗೆ ತೊಳೆದು ನೀರಿಗಿಳಿದರೆ ಮೀನಿಗೆ, ಪಾಚಿಗೆ ವಿಷ. ತೋಟಕ್ಕೂ ನೀರಿಗೂ ನಡುವಿನ ಹುಲ್ಲು, ಜೊಂಡು, ಕೆಸರಿನ ಪಟ್ಟಿ ಹರಿವಿನ ವೇಗ ತಗ್ಗಿಸಿ ಹೂಳನ್ನು ತಡೆಯುತ್ತದೆ. ಹೂಳಿಗಂಟಿದ ತಾಮ್ರವೂ ಅಲ್ಲೇ ಉಳಿಯುತ್ತದೆ. ಗೊಬ್ಬರದ ಸಾರಜನಕವನ್ನು ಬೇರುಗಳು ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅದೇ ಜಾಗ ದನಕ್ಕೆ ಮೇವು, ಟಿಟ್ಟಿಭಕ್ಕೆ ಮೊಟ್ಟೆಯಿಡುವ ನೆಲ. ಡೇರೆ ಕೇಳುವುದೂ ಇದೇ ಜಾಗವನ್ನು. ಜೊಂಡು ಕಿತ್ತು ನೆಲ ಸಮ ಮಾಡದೆ ನೀರು ಕಾಣುವುದಿಲ್ಲ. ಶೌಚದ ಗುಂಡಿ ತೋಡದೆ ಅತಿಥಿ ಬರುವುದಿಲ್ಲ. ಬಟ್ಟೆ ಹಗುರವೇ, ಅದರ ಹಿಂದೆ ಬರುವ ಗುಂಡಿ, ದೀಪ, ಜನರೇಟರ್, ಬೇಲಿ ಹಗುರವಲ್ಲ.

ಬೇಲಿಯ ವಿಚಾರದಲ್ಲಿ ಹೆಬ್ಬಾಳವೇ ಪಾಠ. 2006ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹೆಬ್ಬಾಳ ಕೆರೆಯನ್ನು ಒಬೆರಾಯ್ ಸಮೂಹದ ಈಸ್ಟ್ ಇಂಡಿಯಾ ಹೋಟೆಲ್ಸ್ ಕಂಪನಿಗೆ ಗುತ್ತಿಗೆ ಕೊಟ್ಟಿತು. ನಾಗವಾರ ಕೆರೆಯೂ ಲುಂಬಿನಿ ಗಾರ್ಡನ್ಸ್ ಎಂಬ ಹೆಸರಿನಲ್ಲಿ ಟಿಕೆಟ್ಟಿನ ವಿಹಾರತಾಣವಾಯಿತು. ಆಗಲೂ ಮುಂದಿಟ್ಟದ್ದು ಸಂರಕ್ಷಣೆಯ ಹೆಸರನ್ನೇ! ಮೀನು ಹಿಡಿಯುವವರ, ದನ ಮೇಯಿಸುವವರ ಹಕ್ಕೇನಾಯಿತು ಎಂದು ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿ ರಚನೆಯಾದದ್ದು ಆ ಮೊಕದ್ದಮೆಯ ಫಲ.

ಕೆರೆಯ ಗಡಿಯಿಂದ 30 ಮೀಟರ್ ಮುಟ್ಟಬಾರದೆಂಬ ನಿಯಮಕ್ಕೆ ಆಧಾರ 2014ರ ಕೆರೆ ಸಂರಕ್ಷಣಾ ಕಾಯ್ದೆ. ಅದನ್ನಾದರೂ ಉಳಿಸಿಕೊಳ್ಳಬಹುದಿತ್ತು. 2025ರಲ್ಲಿ ಶಾಸನಸಭೆ ಒಪ್ಪಿದ ತಿದ್ದುಪಡಿ ಮಸೂದೆ ಕೆರೆಯ ವಿಸ್ತೀರ್ಣ ನೋಡಿ ಅಂತರ ಅಳೆಯಲು ಹೊರಟಿತು: 100 ಎಕರೆ ಮೀರಿದ ಕೆರೆಗೆ ಮಾತ್ರ 30 ಮೀಟರ್, 10ರಿಂದ 25 ಎಕರೆಯದಕ್ಕೆ 12, ಒಂದರಿಂದ 10 ಎಕರೆಯದಕ್ಕೆ 6. ಯಾವ ಮಣ್ಣಿನ ಶಾಸ್ತ್ರ ಈ ಲೆಕ್ಕ ಹೇಳಿಕೊಟ್ಟಿತೋ! ಸಣ್ಣ ಕೆರೆಯಲ್ಲಿ ನೀರು ಕಡಿಮೆ. ಅಷ್ಟೇ ವಿಷ ಅಲ್ಲಿ ಹೆಚ್ಚು ಗಾಢವಾಗುತ್ತದೆ. ಕಾವಲು ಹೆಚ್ಚು ಬೇಕಾದದ್ದು ಅದಕ್ಕೇ. ಊರೂರಿನಲ್ಲಿ ಇರುವುದೂ ಇಂಥ ಕೆರೆಗಳೇ, ಡೇರೆಯವರ ಕಣ್ಣಿಗೆ ಬೀಳುವುದೂ ಇವೇ.

ದ್ರಾಕ್ಷಿ ಬೆಳೆಗಾರನ ಮೇಲೆ ಯಾರಿಗೂ ಮುನಿಸಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ರೈತರು ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬರುವಂತೆ ಬೆಳೆದು ತೋರಿಸಿದವರು. ಕೊಳವೆಬಾವಿಗಳು ಆಳಕ್ಕೆ ಆಳಕ್ಕೆ ಇಳಿದ ಸೀಮೆಯಲ್ಲಿ ಕೆರೆ ತುಂಬಿದರೆ ಅವರ ಬಳ್ಳಿಗೂ ಲಾಭ. ಹಣ್ಣಿನ ಬೆಲೆ ಬಿದ್ದ ವರ್ಷ ಅತಿಥಿಗಳಿಂದ ನಾಲ್ಕು ಕಾಸು ಬರುವುದಾದರೆ ಬರಲಿ. ಡೇರೆಗಳು ಅವರ ಸ್ವಂತ ಹೊಲದಲ್ಲಿ, ಬಳ್ಳಿಯ ಸಾಲುಗಳಾಚೆಯ ಎತ್ತರದ ನೆಲದಲ್ಲಿ ನಿಲ್ಲಲಿ. ಶೌಚದ ನೀರು ಅಲ್ಲೇ ಇಂಗಲಿ. ಕೆರೆಯ ದಾರಿಗೆ ಗೇಟು ಬೇಡ. ಅಲ್ಲಿಂದಲೂ ಕೆರೆ ಕಾಣುತ್ತದೆ.